ಹದಿನಾರನೇ ಗುಳಿಯ ಜೇಕು

ಜೇಕು ಅಂದರೆ ಕಳೆ. ಎಲ್ಲಿ ನೀರಿನ ಪಸೆ ಇದೆಯೋ ಅಲ್ಲಿ ಹುಟ್ಟುತ್ತದೆ. ಮೇಲೆ ನೋಡಿದರೆ ಬಡಪಾಯಿ ಹುಲ್ಲು, ಮಣ್ಣಿನೊಳಗೆ ಕಡಲೆಬೀಜದಷ್ಟು ಗೆಡ್ಡೆ. ಎಲೆ ಹರಿದರೆ ಅದಕ್ಕೆ ಏನೂ ಆಗುವುದಿಲ್ಲ, ವಾರದಲ್ಲಿ ಮತ್ತೆ ತಲೆ ಎತ್ತುತ್ತದೆ. ನಮ್ಮಕ್ಕ ಗಂಗರತ್ನಮ್ಮ ನಾಲ್ಕು ವರ್ಷ ಕೂಲಿಗೆ ಇದನ್ನೇ ಕಿತ್ತಳು. ಆಮೇಲೆ ಒಂಬತ್ತು ವರ್ಷ ಗಾಲ್ಫ್ ಆಡಿದಳು. ಆ ಎರಡು ಕೆಲಸಗಳೂ ಭಾನುವಾರ ಮಧ್ಯಾಹ್ನ ಅವಳ ಎಡಗೈಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಅವಳ ಕೋಲಿನ ಚೀಲ ಹೊತ್ತು ಪಕ್ಕದಲ್ಲಿ ನಿಂತಿದ್ದವನು ನಾನು, ಅವಳ ತಮ್ಮ ಅಂಬರೀಶ.

ಪೇಪರಿನವರು ಮಾರನೇ ದಿನ ನಾಲ್ಕು ಸಾಲು ಬರೆದರು. ನಾಲ್ಕರಲ್ಲಿ ಮೂರು ತಪ್ಪು. ಅದಕ್ಕೇ ಪೂರ್ತಿ ಹೇಳುತ್ತಿದ್ದೇನೆ.

ನಮ್ಮದು ದೊಡ್ಡೇರಿ ಕಡೆ. ಕೊರಟಗೆರೆಯಿಂದ ಮಧುಗಿರಿಗೆ ಬರುವ ದಾರಿಯಲ್ಲಿ, ದೂರಕ್ಕೆ ಸಿದ್ದರಬೆಟ್ಟ ಕಾಣುವ ಹಾಗೆ, ಬೆಂಗಳೂರಿನವರು ಒಂದು ಗಾಲ್ಫ್ ಮೈದಾನ ಮಾಡಿದರು. ಹದಿನೆಂಟು ಗುಳಿ. ಆಟ ಏನು ದೊಡ್ಡದಲ್ಲ. ಸಣ್ಣ ಚೆಂಡನ್ನು ಕೋಲಿನಲ್ಲಿ ಹೊಡೆದು ನಾನೂರು, ಐನೂರು ಗಜ ಆಚೆ ಇರುವ ಗುಳಿಗೆ ಬೀಳಿಸಬೇಕು. ಎಷ್ಟು ಕಡಿಮೆ ಏಟಿನಲ್ಲಿ ಬೀಳಿಸಿದರೆ ಅಷ್ಟು ಗೆಲುವು. ಒಂದೊಂದು ಗುಳಿಗೂ ಇಷ್ಟು ಏಟು ಅಂತ ಒಂದು ಲೆಕ್ಕ ಇರುತ್ತದೆ, ಅದಕ್ಕೆ ಪಾರ್ ಎನ್ನುತ್ತಾರೆ. ಗುಳಿಯ ಸುತ್ತ ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ಗ್ರೀನ್ ಎನ್ನುತ್ತಾರೆ. ಆ ಗ್ರೀನಿನಲ್ಲಿ ಒಂದು ಕಳೆ ಕಾಣಬಾರದು. ಮಷೀನು ಆ ಕೆಲಸ ಮಾಡುವುದಿಲ್ಲ. ಸುತ್ತಲಿನ ಹಳ್ಳಿಯ ನಲವತ್ತು ಹೆಂಗಸರು ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಬೆರಳಿನಲ್ಲಿ ಹುಡುಕಿ, ಕಬ್ಬಿಣದ ಮೊಳೆಯಲ್ಲಿ ಗೆಡ್ಡೆ ಎಬ್ಬಿಸಿ ತೆಗೆಯುತ್ತಾರೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ. ಅಕ್ಕ ಹದಿನೆಂಟನೇ ವಯಸ್ಸಿಗೆ ಆ ಸಾಲಿಗೆ ಸೇರಿದಳು.

ನಾನು ಎಂಟನೇ ಕ್ಲಾಸು ಬಿಟ್ಟು ಅಲ್ಲೇ ಕ್ಯಾಡಿ ಆದೆ, ಅಂದರೆ ಆಡುವವರ ಚೀಲ ಹೊರುವವನು. ಕ್ಯಾಡಿಗಳಿಗೆ ಒಂದು ರೂಢಿ ಇತ್ತು. ಸೋಮವಾರ ಮೆಂಬರುಗಳಿಗೆ ಮೈದಾನ ಬಂದ್, ಅವತ್ತು ಬೆಳಿಗ್ಗೆ ಹನ್ನೊಂದರವರೆಗೆ ಕ್ಯಾಡಿಗಳು ಆಡಬಹುದು. ಕ್ಯಾಡಿಗಳೆಂದರೆ ಗಂಡಸರು. ಕಳೆ ಕೀಳುವ ಹೆಂಗಸರು ಆಡುವಂತಿಲ್ಲ ಅಂತ ಎಲ್ಲೂ ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ. ಅಕ್ಕ ಕೇಳಿದಳು.

ಮ್ಯಾನೇಜರ್ ಲಕ್ಷ್ಮೀಪತಿ ನಕ್ಕರು. "ಏನಮ್ಮ, ಹುಲ್ಲು ಕೀಳೋಳು ಹುಲ್ಲಿನ ಮೇಲೆ ಆಡ್ತೀಯಾ? ನಾಳೆ ಅಡುಗೆಯವನು ಟೇಬಲ್ ಮೇಲೆ ಊಟಕ್ಕೆ ಕೂರ್ತೀನಿ ಅಂತಾನೆ."

"ಕೂರ್ಲಿ ಸಾ. ಮಾಡ್ದೋನು ಉಣ್ಣಬಾರ್ದಾ?" ಅಂದಳು ಅಕ್ಕ.

ಹಿರಿಯ ಕ್ಯಾಡಿ ಕದರಪ್ಪ ಅಲ್ಲೇ ಇದ್ದರು. ಪಾವಗಡದ ನಿಡುಗಲ್ಲಿನವರು, ಮಾತಿನಲ್ಲಿ ಅರ್ಧ ತೆಲುಗು. ಮುಂದಿನ ಸೋಮವಾರ ಬೆಳಗಿನ ಆರು ಗಂಟೆಗೆ ತಮ್ಮ ಹಿತ್ತಾಳೆ ಬಿಲ್ಲೆ ಕಳಚಿ ಅವಳ ಸೆರಗಿಗೆ ಚುಚ್ಚಿ, ತಮ್ಮ ಏಳನೇ ನಂಬರಿನ ಕೋಲನ್ನು ಕೈಗೆ ಕೊಟ್ಟರು. "ಇವತ್ತು ನೀನೇ ಕ್ಯಾಡಿ ನಂಬರ್ ಮೂರು. ಕೊಟ್ಟು ಚೂಡಮ್ಮಾ," ಅಂದರು. ಹೊಡೆದು ನೋಡು ಅಂತ.

ಮೊದಲ ಏಟಿಗೆ ಮಣ್ಣು ಹಾರಿತು. ಎರಡನೆಯದಕ್ಕೂ ಮಣ್ಣೇ. ಹತ್ತನೆಯದಕ್ಕೆ ಚೆಂಡು ಎದ್ದಿತು ನೋಡಿ, ಸಿದ್ದರಬೆಟ್ಟದ ನೆತ್ತಿಯ ಮಟ್ಟಕ್ಕೆ ಏರಿ, ಅಲ್ಲಿ ಒಂದು ಗಳಿಗೆ ನಿಂತ ಹಾಗೆ ಮಾಡಿ, ಆಮೇಲೆ ಇಳಿಯಿತು. ಕದರಪ್ಪ ಬಾಯಿಂದ ಬೀಡಿ ತೆಗೆದರು. ನನಗೆ ಆಗ ಹದಿನಾಲ್ಕು ವರ್ಷ. ಇವಳು ಬರೀ ನನ್ನಕ್ಕ ಅಲ್ಲ ಅಂತ ಅವತ್ತೇ ಗೊತ್ತಾಯಿತು.

ಮುಂದಿನ ಕಥೆ ಉದ್ದ. ನಾಲ್ಕು ವರ್ಷ ಸೋಮವಾರದ ಆಟ, ಉಳಿದ ದಿನ ಬತ್ತಿದ ದೊಡ್ಡೇರಿ ಕೆರೆಯ ಅಂಗಳದಲ್ಲಿ ಅಭ್ಯಾಸ. ಇಪ್ಪತ್ತಾರಕ್ಕೆ ವೃತ್ತಿಪರಳು ಅಂತ ಹೆಸರು ಬರೆಸಿದಳು. ಕಳೆ ಕೀಳುವ ಸಾಲಿನಿಂದ ಎದ್ದು ಹೋಗಿ ಹಾಗೆ ಹೆಸರು ಬರೆಸಿದ ಹೆಂಗಸು ಅವಳಿಗಿಂತ ಮೊದಲು ಒಬ್ಬಳೂ ಇರಲಿಲ್ಲ. ಆದರೆ ಹೆಸರು ಬರೆಸಿದರೆ ಆಗಲಿಲ್ಲ. ವರ್ಷವಿಡೀ ದೇಶದ ದೊಡ್ಡ ಪಂದ್ಯಗಳಲ್ಲಿ ಆಡಬೇಕಾದರೆ ಕಾರ್ಡ್ ಬೇಕು. ಕಾರ್ಡಿಗೆ ವರ್ಷಕ್ಕೊಮ್ಮೆ ಮೂರು ದಿನದ ಅರ್ಹತಾ ಪಂದ್ಯ. ನಾಲ್ಕು ಸಲ ಹೋದಳು, ನಾಲ್ಕು ಸಲವೂ ಬರಿಗೈ. ಕಳೆದ ವರ್ಷ ಒಂದೇ ಒಂದು ಏಟಿನಲ್ಲಿ ತಪ್ಪಿತು. ಅವಳಿಗೆ ಈಗ ಮೂವತ್ತೊಂದು. "ಇದೇ ಕೊನೆ ಕಣ್ಲಾ. ಈ ಸಲ ಬರ್ಲಿಲ್ಲ ಅಂದ್ರೆ ಚಿಕ್ಕಹನುಮಕ್ಕನ ಪಕ್ಕ ಹೋಗಿ ಕೂತ್ಕಂಬುಡ್ತೀನಿ," ಅಂದಿದ್ದಳು. ಚಿಕ್ಕಹನುಮಕ್ಕ ಅಂದರೆ ಕಳೆ ಕೀಳುವವರ ಸಾಲಿಗೆ ಮೇಸ್ತ್ರಿ.

ಈ ವರ್ಷದ ಅರ್ಹತಾ ಪಂದ್ಯ ನಮ್ಮ ಮೈದಾನಕ್ಕೇ ಬಂತು.

ಲಕ್ಷ್ಮೀಪತಿಯ ಮೊದಲ ಆರ್ಡರು: ಪಂದ್ಯದ ಮೂರು ದಿನ ಕಳೆ ಕೀಳುವವರು ಮೈದಾನದ ಒಳಗೆ ಕಾಣಬಾರದು. ಟಿವಿಯವರು ಬರುತ್ತಾರಂತೆ, ನೋಟಕ್ಕೆ ಚೆನ್ನಾಗಿರುವುದಿಲ್ಲವಂತೆ. ಆ ಹುಲ್ಲನ್ನು ಹಾಗೆ ಇಟ್ಟವರೇ ಆ ಹುಲ್ಲಿನ ಮೇಲೆ ಕಾಣಬಾರದು. ನಾನು ಕೇಳಲು ಹೊರಟೆ. ಅಕ್ಕ ಕಾಲರ್ ಹಿಡಿದು ಎಳೆದಳು. "ಮೂರ್ ದಿನ ಬಾಯಿ ಮುಚ್ಕಂಡಿರು. ನಿನ್ನ ಸಿಟ್ಟು ಚೀಲದಾಗೆ ಹಾಕ್ಕೊ, ಅದ್ನೂ ಹೊರು." ಹೆಂಗಸರು ಬುದ್ಧಿವಂತರು. ಹದಿನೆಂಟನೇ ಗುಳಿಯ ಪಕ್ಕದ ತಂತಿಬೇಲಿಯ ಆಚೆ, ಸರ್ಕಾರಿ ರಸ್ತೆಯಲ್ಲಿ, ಮೂರೂ ದಿನ ಬಂದು ಕೂತರು. ರಸ್ತೆ ಲಕ್ಷ್ಮೀಪತಿಯದಲ್ಲವಲ್ಲ.

ಮೂರನೇ ದಿನ, ಭಾನುವಾರ. ಚೀಟಿ ಎತ್ತಿ ಮಾಡಿದ ಗುಂಪುಗಳಲ್ಲಿ ನಮ್ಮದೇ ಕೊನೆಯದು. ಜೊತೆಗೆ ಆಡುತ್ತಿದ್ದವಳು ಬೆಂಗಳೂರಿನ ಸ್ಪಂದನಾ, ಹತ್ತೊಂಬತ್ತು ವರ್ಷದ ಹುಡುಗಿ, ಕಾರ್ಡ್ ಅವಳಿಗೆ ಆಗಲೇ ಸಿಕ್ಕ ಹಾಗೇ. ಮೊದಲನೇ ಗುಳಿಯ ಹತ್ತಿರ ಮೈಕಿನವನು "ಜಿ. ರತ್ನಾ" ಅಂದ. ಅಕ್ಕ ಕೋಲು ಕೆಳಗಿಟ್ಟು ಅವನ ಹತ್ತಿರ ಹೋಗಿ, "ಗಂಗರತ್ನಮ್ಮ. ಪೂರ್ತಿ ಹೇಳಪ್ಪ, ಪುಕ್ಕಟೆ," ಅಂದು ಬಂದು ಹೊಡೆದಳು. ಇನ್ನೂರ ಮೂವತ್ತು ಗಜ, ನಟ್ಟನಡುವೆ.

ಅವಳ ಆಟದ ರೀತಿಯೇ ಬೇರೆ. ಬೇರೆಯವರು ಹೊಡೆಯುವ ಮುಂಚೆ ನಿಂತು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುತ್ತಾರೆ. ಅಕ್ಕ ಚೆಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿ, ಮೊಣಕಾಲು ಎದೆಗೆ ತಾಗಿಸಿ, ಸಾಲಿನಲ್ಲಿ ಕೂರುತ್ತಿದ್ದ ಹಾಗೇ. ಕೋಚುಗಳು ಅದನ್ನು ಬಿಡಿಸಲು ನೋಡಿದರು. "ಕೂತ್ರೇನೇ ನಂಗೆ ನೆಲ ಮಾತಾಡೋದು," ಅಂದುಬಿಟ್ಟಳು.

ಅವತ್ತು ನೆಲ ಮಾತಾಡಿತು. ಐದನೇ ಗುಳಿ ಪಾರಿಗಿಂತ ಒಂದು ಕಡಿಮೆ. ಒಂಬತ್ತು, ಒಂದು ಕಡಿಮೆ. ಹದಿಮೂರರಲ್ಲಿ ಮೂವತ್ತು ಅಡಿ ದೂರದಿಂದ ಉರುಳಿಸಿದ ಚೆಂಡು ಗುಳಿಯ ಬಾಯಲ್ಲಿ ಒಂದು ಸುತ್ತು ಸುತ್ತಿ ಒಳಗೆ ಬಿತ್ತು. ಹದಿನೈದನೇ ಗುಳಿ ಮುಗಿದಾಗ ಕದರಪ್ಪ ಮರದ ನೆರಳಿನಿಂದ ಫೋನು ಹಿಡಿದು ಬಂದರು. ನಮ್ಮ ಮುಂದಿದ್ದ ಎಲ್ಲರ ಆಟವೂ ಮುಗಿದಿತ್ತು, ಕಾರ್ಡ್ ಸಿಗುವ ಗೆರೆ ಎಲ್ಲಿ ಬೀಳುತ್ತದೆ ಅಂತ ಗೊತ್ತಾಗಿತ್ತು.

"ಮೂರು ದಿನ ಸೇರಿ ಪಾರಿಗಿಂತ ಆರು ಜಾಸ್ತಿ. ಆರಕ್ಕೆ ನಿಂತೋರಿಗೆಲ್ಲ ಕಾರ್ಡು. ನೀನು ನಾಲ್ಕರಲ್ಲಿದ್ದೀಯ ತಲ್ಲೀ. ಇನ್ನು ಮೂರು ಗುಳಿ, ಎರಡು ಏಟು ಮಿಗಿತು. ನಿದಾನಂಗಾ ಆಡು," ಅಂದರು.

ಎರಡು ಏಟು ಮಿಗಿತು. ನನಗೆ ಕುಣಿಯಬೇಕು ಅನ್ನಿಸಿತು.

ಹದಿನಾರರಲ್ಲಿ ಮೊದಲ ಏಟು ಸ್ವಲ್ಪ ಬಲಕ್ಕೆ ಹೋಗಿ, ಅಂಚಿನ ಎತ್ತರದ ಹುಲ್ಲಿಗೆ ಬಿತ್ತು. ದೊಡ್ಡ ತೊಂದರೆ ಏನಲ್ಲ. ನೂರ ಮೂವತ್ತು ಗಜ, ದಾರಿ ಸಾಫಾಗಿತ್ತು. ನಾನು ಚೀಲ ಇಳಿಸಿದೆ. ಅಕ್ಕ ಚೆಂಡಿನ ಹಿಂದೆ ಕೂತಳು. ಕಣ್ಣು ಗುಳಿಯ ಬಾವುಟದ ಮೇಲೆ. ತುಟಿ ಅಲ್ಲಾಡುತ್ತಿತ್ತು, ಗಾಳಿ ಲೆಕ್ಕ ಹಾಕುತ್ತಿದ್ದಳು. ಅವಳ ಎಡಗೈ ಮಾತ್ರ ಬಿಡುವಾಗಿತ್ತು. ಆ ಕೈ ತಾನೇ ಮುಂದೆ ಹೋಯಿತು. ಚೆಂಡಿನ ಹಿಂದೆ ಎರಡು ಬೆರಳ ಅಂತರದಲ್ಲಿ ಎದ್ದಿದ್ದ ಜೇಕಿನ ಬುಡ ಹಿಡಿದು, ತಿರುವಿ, ಕಿತ್ತಿತು.

ಟಿಕ್ ಅಂತ ಸದ್ದಾಯಿತು.

ನಾನು ಓದಿದ ದಪ್ಪ ಪುಸ್ತಕ ಒಂದೇ, ಈ ಆಟದ ರೂಲು ಪುಸ್ತಕ. ಇಂಗ್ಲಿಷಿನದು, ಸಾಲಿನ ಕೆಳಗೆ ಬೆರಳಿಟ್ಟು ಎರಡು ವರ್ಷ ಓದಿದ್ದೆ. ಎಂಟನೇ ರೂಲು: ಚೆಂಡಿನ ಹತ್ತಿರ ಬೆಳೆದು ನಿಂತದ್ದನ್ನು ಕೀಳುವಂತಿಲ್ಲ, ಬಗ್ಗಿಸುವಂತಿಲ್ಲ. ಇದ್ದದ್ದು ಇದ್ದ ಹಾಗೇ ಇರಬೇಕು. ಕಿತ್ತರೆ ಎರಡು ಏಟು ದಂಡ.

ಅಕ್ಕ ಕೈ ನೋಡಿಕೊಂಡಳು. ಬೆರಳ ನಡುವೆ ಮೂರು ಎಲೆಯ ಹುಲ್ಲು.

ನಾನು ಸುತ್ತ ನೋಡಿದೆ. ಸ್ಪಂದನಾ ಆ ಕಡೆಯ ಅಂಚಿನಲ್ಲಿ ತನ್ನ ಚೆಂಡಿನ ಹತ್ತಿರ ಇದ್ದಳು. ರೆಫರಿ ಅಮ್ಮ ನೂರು ಗಜ ಹಿಂದೆ, ಸಣ್ಣ ಗಾಡಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ಟಿವಿಯವರಂತೂ ಊಟಕ್ಕೆ ಹೋಗಿದ್ದರು. ಯಾರೂ ನೋಡಿರಲಿಲ್ಲ.

"ಜೇಬಿಗಾಕ್ಕೊ," ಅಂದೆ ಮೆಲ್ಲಗೆ.

"ಏನು?"

"ಜೇಬಿಗಾಕ್ಕೊಂಡು ಹೊಡಿ. ಯಾರೂ ನೋಡಿಲ್ಲ."

"ನೀನು ನೋಡಿದ್ಯಲ್ಲ."

"ನಾನು ನಿನ್ನ ತಮ್ಮ ಕಣಕ್ಕ."

"ಅದಕ್ಕೇ ಯೋಳ್ತಿರೋದು. ನಾಳೆಯಿಂದ ನನ್ನ ಮುಖ ನೋಡಿದಾಗೆಲ್ಲ ಈ ಹುಲ್ಲೇ ಕಾಣ್ತದೆ ನಿಂಗೆ."

"ನಂಗೆ ಏನೂ ಕಾಣಲ್ಲ. ಅಕ್ಕ, ಯಾರು ಮಾಡಿದ ರೂಲಿದು? ಒಂದು ದಿನ ಕಳೆ ಕಿತ್ತಿದ್ದಾರಾ ಅವರು? ನೀನು ನಾಲ್ಕು ವರ್ಷ ಕಿತ್ತಾಗ ಕೂಲಿ. ಒಂದು ಕಿತ್ತಿದ್ದಕ್ಕೆ ದಂಡನಾ? ಒಂಬತ್ತು ವರ್ಷ, ಅಕ್ಕ. ಒಂಬತ್ತು ವರ್ಷ."

ಅವಳು ಎದ್ದು ನಿಂತಳು. ಮುಖದಲ್ಲಿ ಸಿಟ್ಟೂ ಇಲ್ಲ, ಅಳುವೂ ಇಲ್ಲ. ತನ್ನ ಕೈ ಮೇಲೆ ತನಗೇ ನಗು ಬಂದ ಹಾಗಿತ್ತು.

"ಅಂಬರೀಸ, ಆ ಲಕ್ಷ್ಮೀಪತಿ ಏನಂದಿದ್ದ? ಹುಲ್ಲು ಕೀಳೋಳಿಗೆ ಆಟ ಯಾಕೆ ಅಂತ. ಈಗ ನಾನು ಕದ್ದು ಆಡಿದ್ರೆ ಅವನ ಮಾತೇ ನಿಜ ಆಯ್ತದೆ," ಅಂದು ಕೈ ಎತ್ತಿ ರೆಫರಿಯನ್ನು ಕರೆದಳು.

ರೆಫರಿ ಬಂದರು. ಅಕ್ಕ ಅಂಗೈ ತೆರೆದು ತೋರಿಸಿದಳು. "ಮೇಡಂ, ಇದನ್ನ ಕಿತ್ತುಬುಟ್ಟೆ."

"ಯಾಕೆ ಕಿತ್ತಿರಿ?"

"ಅಭ್ಯಾಸ ಮೇಡಂ."

ರೆಫರಿ ಎಲೆಯನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. "ಎರಡು ಏಟು ದಂಡ," ಅಂದರು. ಸ್ಪಂದನಾ ಓಡಿ ಬಂದಳು. "ಅಯ್ಯೋ ಅಕ್ಕ, ನಾನು ನೋಡೇ ಇರಲಿಲ್ಲ," ಅಂದಳು. "ನೋಡಿದ್ರೆ ನೀನೇ ಹೇಳ್ಬೇಕಾಗಿತ್ತಲ್ಲ, ನಿಂಗ್ಯಾಕೆ ಆ ಕಷ್ಟ," ಅಂದಳು ಅಕ್ಕ.

ಆಮೇಲೆ ಹೊಡೆದ ಏಟು ನೋಡಬೇಕಿತ್ತು. ಎತ್ತರದ ಹುಲ್ಲನ್ನು ಸೀಳಿಕೊಂಡು ಎದ್ದು ಗ್ರೀನಿನ ಮಧ್ಯಕ್ಕೆ. ಇನ್ನೆರಡು ಏಟಿಗೆ ಗುಳಿ. ನಾಲ್ಕು, ಪಾರ್. ದಂಡದ ಎರಡು ಸೇರಿ ಆರು. ಮಿಗಿಸಿದ್ದ ಎರಡು ಏಟೂ ಹೋಗಿ ಸರಿಯಾಗಿ ಗೆರೆಯ ಮೇಲೆ ನಿಂತೆವು.

ಇನ್ನು ಹದಿನೇಳರಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ. ಅದು ನನ್ನ ತಪ್ಪು. ನೂರ ಐವತ್ತು ಗಜದ ಚಿಕ್ಕ ಗುಳಿ, ಮೂರು ಏಟಿನ ಪಾರ್. ಬೆಟ್ಟದ ಕಡೆಯಿಂದ ಎದುರುಗಾಳಿ ಬೀಸುತ್ತಿತ್ತು. ನನ್ನ ತಲೆಯಲ್ಲಿ ಇನ್ನೂ ಆ ಎಂಟನೇ ರೂಲು ಕುದಿಯುತ್ತಿತ್ತು. ಆರನೇ ನಂಬರಿನ ಕೋಲು ಕೊಡಬೇಕಿತ್ತು, ಏಳು ಕೊಟ್ಟೆ. ಕೋಲಿನ ನಂಬರು ಹೆಚ್ಚಾದಷ್ಟೂ ಚೆಂಡು ಹೋಗುವ ದೂರ ಕಡಿಮೆ. ಅವಳು ನಂಬಿ ಹೊಡೆದಳು. ಚೆಂಡು ಗ್ರೀನಿಗೆ ಮುಂಚೆಯೇ ಇಳಿದು ಮರಳಿನ ಗುಂಡಿಗೆ ಬಿತ್ತು. ಹೊರಗೆ ತೆಗೆಯಲು ಒಂದು, ಉರುಳಿಸಲು ಎರಡು. ಪಾರಿಗಿಂತ ಒಂದು ಜಾಸ್ತಿ.

ಏಳು. ಗೆರೆಯ ಆಚೆ. ಕಳೆದ ವರ್ಷದ ಹಾಗೇ, ಒಂದೇ ಒಂದು ಏಟು.

"ಏಳು ಕೊಟ್ಟೆ," ಅಂದೆ.

"ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಹೊಡ್ದೆ?"

"ಹೊಡ್ದಮ್ಯಾಲೆ ಗೊತ್ತಾಯ್ತು ಕಣ್ಲಾ." ನೀರು ಕುಡಿದು ಬಾಟ್ಲು ನನ್ನ ಎದೆಗೆ ಒತ್ತಿದಳು. "ನಾನು ಹುಲ್ಲು ಕಿತ್ತೆ, ನೀನು ಕೋಲು ತಪ್ಸಿದೆ. ಸರಿಗೆ ಸರಿ ಆಯ್ತು. ಈಗ ಸಿಟ್ಟು ಮುಗಿಸ್ಕಂಡು ಬಾ, ಇನ್ನೂ ಒಂದು ಗುಳಿ ಐತೆ."

ಹದಿನೆಂಟನೆಯದು ಐದು ಏಟಿನ ಪಾರ್. ನಾಲ್ಕರಲ್ಲಿ ಮುಗಿಸಿದರೆ ಕಾರ್ಡ್. ಐದಾದರೆ ಇಲ್ಲ.

ಬೇಲಿಯ ಆಚೆ ನಲವತ್ತು ಹೆಂಗಸರು ಎದ್ದು ನಿಂತಿದ್ದರು. ಸುದ್ದಿ ಅವರಿಗೆ ಹೇಗೋ ಮುಟ್ಟಿತ್ತು, ಕದರಪ್ಪನವರ ಫೋನೇ ಇರಬೇಕು. ಅಕ್ಕ ಮೊದಲ ಏಟು ಹೊಡೆದಳು. ಅವತ್ತಿನ ಅತಿ ಉದ್ದದ ಏಟು. ಚೆಂಡು ಬೇಲಿಗೆ ಸಮವಾಗಿ ಹಾರಿತು, ಹೆಂಗಸರು ಅದರ ಜೊತೆಗೇ ರಸ್ತೆಯಲ್ಲಿ ಓಡಿದರು. ಎರಡನೇ ಏಟು, ನೂರ ತೊಂಬತ್ತು ಗಜ. ಮತ್ತೆ ಓಡಿದರು. ಸಿರಾ ಕಡೆ ಹೊರಟಿದ್ದ ಬಸ್ಸೊಂದು ಅವರ ಹಿಂದೆ ಸಿಕ್ಕಿಕೊಂಡು ಹಾರನ್ ಬಾರಿಸುತ್ತಿತ್ತು. ಚಿಕ್ಕಹನುಮಕ್ಕ ಡ್ರೈವರಿಗೆ ಬೆರಳು ತೋರಿಸಿ, "ಲೇ, ಸುಮ್ಕೆ ನಿಂದ್ರುಸ್ಲಾ. ನಮ್ ಹುಡ್ಗಿ ಆಡ್ತಾವ್ಳೆ," ಅಂದದ್ದು ನಮಗೂ ಕೇಳಿತು. ಡ್ರೈವರು ಇಂಜಿನ್ ಆಫ್ ಮಾಡಿದ. ಕಿಟಕಿಗಳಲ್ಲೆಲ್ಲ ತಲೆ.

ಮೂರನೇ ಏಟಿಗೆ ಗ್ರೀನ್. ಗುಳಿಗೆ ಹನ್ನೆರಡು ಅಡಿ.

ಹನ್ನೆರಡು ಅಡಿ. ಒಂದೇ ಸಲಕ್ಕೆ ಉರುಳಿ ಬೀಳಬೇಕು. ನಾನು ನಾಲ್ಕೂ ಕಡೆಯಿಂದ ನೋಡಿದೆ. ಎಡಕ್ಕೆ ಕೊಳ, ಬಲಕ್ಕೆ ಬೇಲಿ. ನೆಲ ಕೊಳದ ಕಡೆಗೆ ವಾಲಿದ ಹಾಗೆ ಕಾಣುತ್ತಿತ್ತು. "ಕೊಳದ ಕಡೆ ಜಾರ್ತದೆ. ಬಲಕ್ಕೆ ಒಂದು ಗೇಣು ಇಟ್ಟು ಹೊಡಿ," ಅಂದೆ. ಈ ಸಲ ತಪ್ಪಿಲ್ಲ ಅಂತ ಖಾತ್ರಿ ಇತ್ತು. ಸ್ಪಂದನಾ ಅದೇ ಗ್ರೀನಿನಲ್ಲಿ ಹಾಗೇ ಲೆಕ್ಕ ಹಾಕಿ ಹೊಡೆದಿದ್ದಳು, ಗುಳಿ ತಪ್ಪಿತ್ತು. ಅವಳ ಕೈ ನಡುಗಿರಬೇಕು ಅಂದುಕೊಂಡಿದ್ದೆ.

ಅಕ್ಕ ಕೂತಳು. ಹಿಮ್ಮಡಿ ನೆಲಕ್ಕೆ ಊರಿ ಕೂತಳು. ಬಹಳ ಹೊತ್ತು. ಆಮೇಲೆ ಬೇಲಿಯ ಕಡೆ ತಿರುಗಿದಳು.

"ಅಂಬರೀಸ, ನಾವು ಇಲ್ಲಿ ಸಾಲಲ್ಲಿ ಕೂತಾಗ ನೀರಿನ ಬಾಟ್ಲು ಪಕ್ಕದಾಗೆ ಇಟ್ಕಂತಿದ್ವಿ. ಅದು ಯಾವ್ ಕಡೆ ಉಳ್ಳೋಗೋದು ಗೊತ್ತಾ?"

"ಕೊಳದ ಕಡೆ."

"ಬೇಲಿ ಕಡೆ. ಯಾವಾಗ್ಲೂ ಬೇಲಿ ಕಡೆ. ಚಿಕ್ಕಹನುಮಕ್ಕ ದಿನಾ ಬಾಟ್ಲು ಹಿಂದೆ ಓಡಿ ಓಡಿ ಬೈಯ್ಕಳೋಳು. ಆ ಬೆಟ್ಟ ನೋಡ್ತಾ ಇದ್ರೆ ಕಣ್ಣು ಮೋಸ ಮಾಡ್ತದೆ ಕಣ್ಲಾ. ಬಾಟ್ಲು ಬೆಟ್ಟ ನೋಡಲ್ಲ."

ಎದ್ದಳು. ನಾನು ಹೇಳಿದ್ದಕ್ಕೆ ತದ್ವಿರುದ್ಧವಾಗಿ, ಎಡಕ್ಕೆ ಒಂದು ಗೇಣು ಇಟ್ಟು ನಿಂತಳು. ನಾನು ಬಾವುಟ ತೆಗೆದು ಸರಿದೆ. ಬಸ್ಸಿನಲ್ಲೊಂದು ಕೂಸು ಅಳುತ್ತಿತ್ತು, ಅದೂ ನಿಲ್ಲಿಸಿತು. ಕೋಲು ತಾಗಿದ ಸದ್ದು ಚಿಕ್ಕದು. ಚೆಂಡು ಕೊಳದ ಕಡೆಗೇ ಹೊರಟಿತು. ಹೋಯಿತು, ಮುಗಿಯಿತು ಅಂದುಕೊಂಡೆ. ಅರ್ಧ ದಾರಿಯಲ್ಲಿ ಯೋಚನೆ ಮಾಡಿದ ಹಾಗೆ ನಿಧಾನಿಸಿತು. ಬೇಲಿಯ ಕಡೆ ತಿರುಗಿತು. ತಿರುಗುತ್ತಲೇ ಬಂತು. ಗುಳಿಯ ಅಂಚಿನಲ್ಲಿ ನಿಂತ ಹಾಗೆ ಮಾಡಿ ಒಳಗೆ ಬಿತ್ತು.

ಬೇಲಿಯ ಆಚೆ ಎದ್ದ ಕೂಗಿಗೆ ಕೊಳದ ಬೆಳ್ಳಕ್ಕಿಗಳೆಲ್ಲ ಮೇಲೆದ್ದವು. ಬಸ್ಸಿನವನು ಹಾರನ್ನಿನ ಮೇಲಿಂದ ಕೈ ತೆಗೆಯಲೇ ಇಲ್ಲ. ನಾನು ಬಾವುಟದ ಕಂಬ ಹಿಡಿದೇ ಗ್ರೀನಿನ ಮೇಲೆ ಓಡಿದೆನಂತೆ, ಬೂಟಿನ ಗುರುತು ಬಿತ್ತು ಅಂತ ಲಕ್ಷ್ಮೀಪತಿ ಆಮೇಲೆ ತೋರಿಸಿದರು. ಅಕ್ಕ ಮಾತ್ರ ಗುಳಿಯಿಂದ ಚೆಂಡು ತೆಗೆದು, ಒರೆಸಿ, ಸ್ಪಂದನಾ ಬರೆದಿದ್ದ ಅಂಕದ ಚೀಟಿಯನ್ನು ಗುಳಿ ಗುಳಿಯಾಗಿ ಓದಿ, ಹದಿನಾರಕ್ಕೆ ಬಂದಾಗ "ಆರು, ಸರಿಯಾಗೈತೆ," ಅಂದು ಪೂರ್ತಿ ಹೆಸರು ಬರೆದು ರುಜು ಹಾಕಿದಳು. ಆಮೇಲೆ ಅತ್ತಳು.

ಲಕ್ಷ್ಮೀಪತಿ ಹೂಗುಚ್ಛ ಹಿಡಿದು ಬಂದರು. ಟಿವಿಯವರೂ ಊಟ ಮುಗಿಸಿ ಬಂದಿದ್ದರು. ಅಕ್ಕ ಗುಚ್ಛ ತೆಗೆದುಕೊಂಡು ಅವರ ನಡುವೆಯೇ ದಾಟಿ ಬೇಲಿಗೆ ಹೋದಳು. ಇಡೀ ಕ್ಯಾಮೆರಾ ಗುಂಪು ಹಿಂದೆ ಹೋಯಿತು. ನೋಟಕ್ಕೆ ಚೆನ್ನಾಗಿರುವುದಿಲ್ಲ ಅಂದಿದ್ದರಲ್ಲ, ಆ ನಲವತ್ತೂ ಮುಖಗಳು ಅವತ್ತು ಟಿವಿಯಲ್ಲಿ ಬಂದವು.

ಚಿಕ್ಕಹನುಮಕ್ಕ ತಂತಿಯ ಸಂದಿಯಿಂದ ಕೈ ತೂರಿಸಿ ಅಕ್ಕನ ಕೆನ್ನೆ ಸವರಿ ನೆಟಿಕೆ ಮುರಿದಳು. ಆಮೇಲೆ ಮೇಸ್ತ್ರಿಯ ಮುಖ ಮಾಡಿದಳು. "ಹದಿನಾರ್ನೇದ್ರಾಗೆ ಏನೋ ಕಿತ್ತೆ ಅಂತಲ್ಲೇ. ಎಲ್ಲಿ, ತೋರ್ಸು."

ಅಕ್ಕ ಜೇಬಿನಿಂದ ಬಾಡಿದ ಜೇಕು ತೆಗೆದು ಕೊಟ್ಟಳು. ಚಿಕ್ಕಹನುಮಕ್ಕ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಗೆಡ್ಡೆ ಎಲ್ಲೆ?"

ಅಕ್ಕ ಎಲೆ ನೋಡಿದಳು, ತನ್ನ ಬೆರಳು ನೋಡಿಕೊಂಡಳು.

"ಬರೀ ಎಲೆ ಹರ್ದಿದ್ದೀಯ. ಎರಡೇಟು ದಂಡ ಬೇರೆ ತೆತ್ತಿದ್ದೀಯ. ದಂಡ ತೆತ್ತಮ್ಯಾಲೆ ಗೆಡ್ಡೆ ಸಮೇತ ಕೀಳ್ಬಾರ್ದೇನೆ? ಬರೋ ವಾರ ಅಲ್ಲಿ ಕೂತು ಕೀಳೋಳು ನಾನು. ಕಾರ್ಡು ಬಂದೇಟ್ಗೆ ಕೈ ಕೆಟ್ಟೋಯ್ತಲ್ಲೇ ರತ್ನಿ."

ನಲವತ್ತು ಜನವೂ ನಕ್ಕರು. ಅಕ್ಕ ಅಳುತ್ತ ಅಳುತ್ತ ನಕ್ಕಳು. ಆಮೇಲೆ ಚಿಕ್ಕಹನುಮಕ್ಕನ ಸೊಂಟದಲ್ಲಿದ್ದ ಕಬ್ಬಿಣದ ಮೊಳೆ ಇಸಿದುಕೊಂಡು, ಹೂಗುಚ್ಛವನ್ನು ಅವಳ ಕೈಗೆ ಕೊಟ್ಟು, ಹದಿನಾರನೇ ಗುಳಿಯ ಕಡೆ ನಡೆದಳು. ಕ್ಯಾಮೆರಾದವರಿಗೆ ಏನಾಗುತ್ತಿದೆ ಅಂತ ಗೊತ್ತಾಗಲಿಲ್ಲ. ನಾನು ಚೀಲ ಹೊತ್ತು ಹಿಂದೆ ಹೋದೆ. ಅದೇ ಜಾಗದಲ್ಲಿ ಕೂತು, ಮೊಳೆ ಊರಿ, ಗೆಡ್ಡೆ ಎಬ್ಬಿಸಿ, ಮಣ್ಣು ಕೊಡವಿ ನನ್ನ ಅಂಗೈಗೆ ಹಾಕಿದಳು. ರೆಫರಿ ಅಮ್ಮ ಗಾಡಿಯಲ್ಲಿ ಹಾದು ಹೋದರು. ನೋಡಿದರು. ಈ ಸಲ ದಂಡ ಹಾಕಲಿಲ್ಲ.

ವಾಪಸ್ ಬಂದಾಗ ಬಸ್ಸು ಹೊರಟುಹೋಗಿತ್ತು. ಚಿಕ್ಕಹನುಮಕ್ಕ ಬೇಲಿಗೆ ಒರಗಿ ಗುಚ್ಛದ ಹೂವನ್ನು ಒಬ್ಬೊಬ್ಬರ ಮುಡಿಗೂ ಸಿಕ್ಕಿಸುತ್ತಿದ್ದಳು. ಗೆಡ್ಡೆ ನೋಡಿ, "ಹ್ಞೂ, ಈಗ ಸರಿ," ಅಂದಳು.

"ನಾಳೆ ಸೋಮವಾರ ಅಲ್ವೇನೆ?"

"ಹೌದು ಚಿಕ್ಕಹನುಮಕ್ಕ."

"ಆ ಏಳ್ನೇ ನಂಬರ್ ಕೋಲು ತಗಂಬಾ. ನಾನೂ ಒಂದ್ ಕೈ ಹೊಡ್ದು ನೋಡ್ತೀನಿ. ಇಪ್ಪತ್ತು ವರ್ಷದ ಸಿಟ್ಟು ಐತೆ ನನ್ನ ಹೊಟ್ಯಾಗೆ," ಅಂದು ಲಕ್ಷ್ಮೀಪತಿಯವರನ್ನು ಕಣ್ಣಲ್ಲೇ ಅಳೆದಳು.

ಲಕ್ಷ್ಮೀಪತಿ ಟಿವಿಯವರ ಕಡೆ ನೋಡಿದರು, ಕ್ಯಾಮೆರಾ ಇನ್ನೂ ಓಡುತ್ತಿತ್ತು. "ಬರಲಿ, ಬರಲಿ, ಎಲ್ಲರೂ ಬರಲಿ," ಅಂದರು. ಕದರಪ್ಪ ಆಗಲೇ ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅಂಗಿಯಿಂದ ಬಿಚ್ಚುತ್ತಿದ್ದರು.